ಟಾಂಗಾ ಹತ್ತುವ ಮುಂಚೆ ಕುದುರೆ ನೋಡಿ

ಪ್ರಶ್ನೆ: ಡಾಕ್ಟ್ರೇ, ರಜೆಗೆ ಮಕ್ಕಳನ್ನು ಮೈಸೂರಿಗೆ ಕರೆದುಕೊಂಡು ಹೋಗುತ್ತಿದ್ದೇವೆ. ಟಾಂಗಾ ಹತ್ತಲೇಬೇಕು ಅಂತ ಇಬ್ಬರದೂ ಹಟ. ಹೋದ ಸಲ ಒಂದು ಜಾತ್ರೆಯಲ್ಲಿ ಮಗನನ್ನು ಕುದುರೆ ಮೇಲೆ ಕೂರಿಸಿದ್ವಿ. ಇಳಿಸುವಾಗ ನೋಡಿದರೆ ಜೀನಿನ ಅಡಿ ಹಸಿ ಹುಣ್ಣು. ಇನ್ನು ಈ ಸವಾರಿ ಬೇಡವೇ ಬೇಡ ಅಂತ ನಾನು. ಎಲ್ಲರೂ ಹೀಗೇ ಅಂದರೆ ಗಾಡಿಯವನ ಹೊಟ್ಟೆಪಾಡೇನು ಅಂತ ನಮ್ಮನೆಯವರು. ಯಾರದು ಸರಿ?
– ಓದುಗಿ, ಚಿತ್ರದುರ್ಗ

ಉತ್ತರ: ಗಂಡ ಹೆಂಡಿರ ಜಗಳಕ್ಕೆ ತೀರ್ಪು ಕೊಡುವ ಧೈರ್ಯ ನನಗಿಲ್ಲ ತಾಯಿ. ದಾವಣಗೆರೆಯ ಪಶು ಆಸ್ಪತ್ರೆಯಲ್ಲಿ ವಯಸ್ಸು ಕಳೆದವನು ನಾನು, ದನ ಕುದುರೆ ಬಗ್ಗೆ ಕೇಳಿದರೆ ಹೇಳಬಲ್ಲೆ. ಹತ್ತಬೇಕಾ ಬೇಡ್ವಾ ಅನ್ನೋದನ್ನು ಮನೆಯಲ್ಲೇ ಕೂತು ತೀರ್ಮಾನಿಸಬೇಡಿ. ಆ ಕುದುರೆಯನ್ನು ನೋಡಿ ತೀರ್ಮಾನಿಸಿ.

ಮೊದಲು ಕಾಲು. ನಿಂತ ಕುದುರೆ ಒಂದು ಹಿಂಗಾಲು ಸಡಿಲ ಬಿಟ್ಟಿದ್ದರೆ ಗಾಬರಿ ಬೇಡ, ಅದು ಸುಸ್ತು ಆರಿಸಿಕೊಳ್ಳುವ ರೀತಿ. ಮುಂಗಾಲನ್ನು ಮತ್ತೆ ಮತ್ತೆ ಮುಂದೆ ಚಾಚಿ ಭಾರ ತಪ್ಪಿಸುತ್ತಿದ್ದರೆ ಮಾತ್ರ ನೋವಿದೆ ಅಂತ ಅರ್ಥ. ಎರಡು ಹೆಜ್ಜೆ ನಡೆಸಿ ತೋರಿಸಪ್ಪಾ ಅನ್ನಿ. ನೋವಿನ ಮುಂಗಾಲು ನೆಲಕ್ಕೆ ತಾಗಿದ ಕೂಡಲೇ ಅದು ತಲೆ ಮೇಲಕ್ಕೆತ್ತುತ್ತದೆ. ಕಣ್ಣಿಗೆ ಗೊತ್ತಾಗದಿದ್ದರೆ ಕಿವಿ ಕೊಡಿ. ಟಾರು ರಸ್ತೆ ಮೇಲೆ ನಾಲ್ಕೂ ಗೊರಸಿನ ಸದ್ದು ಒಂದೇ ಲಯದಲ್ಲಿ ಬರಬೇಕು. ಲಾಳ ಸಡಿಲಾಗಿದ್ದರೆ ಚಿಣ್ ಅಂತ ಬೇರೆ ಸದ್ದು ಬರುತ್ತದೆ.

ಆಮೇಲೆ ಜೀನು, ಹೊಟ್ಟೆಪಟ್ಟಿ ಉಜ್ಜುವ ಜಾಗ, ಕಡಿವಾಣ ತಾಗುವ ಬಾಯಿಯ ಮೂಲೆ. ನಮ್ಮ ಕಡೆ ಎತ್ತು ಕೊಳ್ಳುವವರು ಹೆಗಲು ಸವರಿ ನೋಡ್ತಾರಲ್ಲ, ಹಾಗೆ. ಜೀನಿನ ಜಾಗದಲ್ಲಿ ಬಿಳಿ ಕೂದಲಿನ ಮಚ್ಚೆ ಕಂಡರೆ ಅದು ಬಹುಪಾಲು ಮಾಯ್ದ ಗಾಯ. ಯಾವ ಕಾಲದ್ದೋ, ಇವತ್ತಿನ ಯಜಮಾನನನ್ನು ಬೈಯಬೇಡಿ. ಹಸಿ ಹುಣ್ಣಿದ್ದರೆ ಹತ್ತಬೇಡಿ, ಅಷ್ಟೇ. ಅದಕ್ಕೆ ದೊಡ್ಡ ಔಷಧಿ ಅಂದರೆ ಮಾಯುವ ತನಕ ಅದರ ಮೇಲೆ ಜೀನು ಹಾಕದೇ ಇರೋದು. ಸುಟ್ಟ ಇಂಜಿನ್ ಆಯಿಲ್ ಬಳಿಯುವವರಿದ್ದಾರೆ, ದಯವಿಟ್ಟು ಬೇಡ ಅನ್ನಿ. 1962ಕ್ಕೆ ಫೋನ್ ಮಾಡಿದರೆ ಪಶು ಆಂಬುಲೆನ್ಸ್ ಸಹಾಯ ಸಿಗುತ್ತದೆ. ಆ ನಂಬರು ಗಾಡಿಯವನಿಗೆ ಬರೆದುಕೊಡಿ.

ನಮ್ಮಲ್ಲಿ ಜನಕ್ಕೆ ಗೊತ್ತೇ ಇಲ್ಲದ ಒಂದು ಕಾನೂನಿದೆ. 1965ರ ನಿಯಮದ ಪ್ರಕಾರ ಪ್ರಾಣಿಯಿಂದ ದಿನಕ್ಕೆ 9 ಗಂಟೆ ಮೀರಿ ದುಡಿಸುವ ಹಾಗಿಲ್ಲ. 5 ಗಂಟೆಗಿಂತ ಜಾಸ್ತಿ ಒಂದೇ ಸಮನೆ ಎಳೆಸುವ ಹಾಗಿಲ್ಲ. ಬಿಸಿಲು 37 ಡಿಗ್ರಿ ದಾಟುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಗಾಡಿಗೆ ಕಟ್ಟುವ ಹಾಗೇ ಇಲ್ಲ. ದುರ್ಗದ ಏಪ್ರಿಲ್ ಕಂಡ ನಿಮಗೆ ಇದನ್ನು ಬಿಡಿಸಿ ಹೇಳಬೇಕಾ? ಗಾಡಿಯಲ್ಲಿ ಹೊಡೆಯುವವನನ್ನೂ 6 ವರ್ಷದೊಳಗಿನ ಮಕ್ಕಳನ್ನೂ ಬಿಟ್ಟು ನಾಲ್ಕೇ ಜನ. ಅತ್ತೆ ಮಾವನೂ ಬರ್ತಾರೆ ಅಂದರೆ ಎರಡು ಗಾಡಿ ಮಾಡಿ. ಚೌಕಾಸಿ ಸೀರೆ ಅಂಗಡಿಗೆ ಇಟ್ಟುಕೊಳ್ಳಿ.

ನಿಮ್ಮ ಯಜಮಾನರ ಮಾತಿನಲ್ಲೂ ಹುರುಳಿದೆ. ಮುಂಬೈಯ ವಿಕ್ಟೋರಿಯಾ ಅನ್ನೋ ಕುದುರೆ ಗಾಡಿಗಳನ್ನು 2015ರಲ್ಲಿ ಬಾಂಬೆ ಹೈಕೋರ್ಟ್ ಕಾನೂನುಬಾಹಿರ ಅಂದಾಗ, ಅದನ್ನೇ ನಂಬಿದವರ ಗತಿಯೇನು ಅನ್ನೋ ಪ್ರಶ್ನೆಯೂ ಜೊತೆಗೇ ಎದ್ದಿತು. ದುಡಿಮೆ ನಿಂತ ಮನೆಯಲ್ಲಿ ಕುದುರೆಯ ಮೇವಿಗೇ ಮೊದಲು ಕತ್ತರಿ. ಅದಕ್ಕೇ ಹೇಳೋದು, ಪಕ್ಕದಲ್ಲಿ ನೀರಿನ ಬಕೆಟ್ ಇಟ್ಟುಕೊಂಡು, ನೆರಳಲ್ಲಿ ಕಟ್ಟಿ, ಮೇವು ಹಾಕಿದವನ ಗಾಡಿ ಹತ್ತಿ. "ನಿನ್ನ ಕುದುರೆ ಚೆನ್ನಾಗಿದೆ, ಅದಕ್ಕೇ ನಿನ್ನ ಗಾಡಿಗೆ ಬಂದ್ವಿ" ಅಂತ ಪಕ್ಕದ ಗಾಡಿಯವನಿಗೂ ಕೇಳಿಸುವ ಹಾಗೆ ಹೇಳಿ.

ಪ್ರಶ್ನೆ: ಸಕ್ರೆಬೈಲಿಗೆ ಹೊರಟಿದ್ದೇವೆ. ಆನೆಗೆ ಕೊಡೋಕೆ ಏನು ಒಯ್ಯಬೇಕು?
– ಓದುಗ, ದಾವಣಗೆರೆ

ಉತ್ತರ: ಏನೂ ಬೇಡ. ಪ್ಲಾಸ್ಟಿಕ್ ಕವರ್ ಅಂತೂ ಬೇಡವೇ ಬೇಡ. ಬಿಡಾರದಲ್ಲಿ ಅವಕ್ಕೆ ಲೆಕ್ಕದ ಊಟ ಇದೆ. ಬೇಗ ಹೋದರೆ ತುಂಗೆಯಲ್ಲಿ ಸ್ನಾನ ಮಾಡಿಸೋದು ನೋಡಲು ಸಿಗುತ್ತದೆ, ದಡದಲ್ಲಿ ನಿಂತೇ ನೋಡಿ. ಹತ್ತಿರ ಹೋಗಬೇಕೆಂದರೆ ಮಾವುತರನ್ನು ಕೇಳಿ, ಅವರು ಬೇಡ ಅಂದರೆ ಸೆಲ್ಫಿಗೆ ಗೋಗರೆಯಬೇಡಿ. ನಿಮ್ಮಲ್ಲಿ ಯಾರಿಗಾದರೂ ವಾರಗಟ್ಟಲೆ ಕೆಮ್ಮು ಇದ್ದರೆ ಮೊದಲು ಕಫ ಪರೀಕ್ಷೆ ಮಾಡಿಸಿ, ಆಮೇಲೆ ಹೊರಡಿ. ಮನುಷ್ಯರ ಕ್ಷಯ ಆನೆಗೂ ಅಂಟುತ್ತದೆ.