ವರ್ಷಕ್ಕಾಗುವಷ್ಟು ಮಾತ್ರೆ ತರಬೇಡ ತಂಗಿ

ತಂಗಿ, ನಿನ್ನ ಪ್ರಶ್ನೆ ಓದಿ ಎರಡು ದಿನ ಉತ್ತರ ಬರೆಯಲಾಗದೆ ಸುಮ್ಮನಿದ್ದೆ. ಹಾಸನದಲ್ಲಿ ಬೆನ್ನಿನ ಆಪರೇಷನ್ ಆಗಿ ಮೂರು ವರ್ಷವಾದರೂ ಎಡಗಾಲಿನ ಸೆಳೆತ ಹೋಗಿಲ್ಲ, ನರದ ನೋವಿಗೆ ಪ್ರಿಗಾಬಲಿನ್, ಜೋರು ನೋವಿಗೆ ಟ್ರಮಡಾಲ್ ನುಂಗಿಕೊಂಡು ದಿನ ದೂಡುತ್ತಿದ್ದೇನೆ, ಬರುವ ತಿಂಗಳು ಯಜಮಾನರ ಜೊತೆ ನ್ಯೂಜೆರ್ಸಿಗೆ ಬರುತ್ತಿದ್ದೇನೆ ಎಂದಿದ್ದೀಯ. "ಒಂದು ವರ್ಷಕ್ಕಾಗುವಷ್ಟು ಮಾತ್ರೆ ಸೂಟ್‌ಕೇಸಿನಲ್ಲಿ ತರಬಹುದಾ ಅಕ್ಕ? ಮುಗಿದ ಮೇಲೆ ಅಮ್ಮ ಕೊರಿಯರ್ ಮಾಡಬಹುದಾ? ಅಲ್ಲಿನ ಡಾಕ್ಟರು ನನ್ನನ್ನು ಚಟದವಳು ಅಂದುಕೊಂಡರೆ ಏನು ಮಾಡಲಿ?" ಅಂತ ಕೇಳಿದ್ದೀಯ. ಅಕ್ಕ ಎಂದು ಕರೆದಿದ್ದೀಯಲ್ಲ, ನೀನು ಅಂತಲೇ ಬರೆಯುತ್ತೇನೆ. ಚಳಿ, ಸ್ವೆಟರ್, ಕುಕ್ಕರ್ ಬಗ್ಗೆ ಹೆಚ್ಚು ಯೋಚಿಸಬೇಡ. ಕುಕ್ಕರ್ ತಾ, ಸ್ವೆಟರ್ ಇಲ್ಲೇ ಕೊಳ್ಳು.

ನಾನು ಬಂದಿದ್ದು 2012ರ ಜನವರಿಯಲ್ಲಿ. ನ್ಯೂವಾರ್ಕ್ ವಿಮಾನ ನಿಲ್ದಾಣದ ಸಾಲಿನಲ್ಲಿ ಇವರ ತೋಳು ಹಿಡಿದು, ಒಂದೇ ಕಾಲಿನ ಮೇಲೆ ಭಾರ ಹಾಕಿ ನಿಂತಿದ್ದೆ. ವೀಲ್‌ಚೇರ್ ಕೇಳೋಣ ಅಂತ ಇವರು ಎಷ್ಟು ಹೇಳಿದರೂ ನಾಚಿಕೆಯಾಗಿ ಬೇಡ ಎಂದೆ. (ನೀನು ಟಿಕೆಟ್ ಮಾಡಿಸುವಾಗಲೇ ಹೇಳಿಸಿಬಿಡು, ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ.) ಸಾಗರದ ಮನೆಯಲ್ಲಿ ನೋವು ಹೆಚ್ಚಾದ ರಾತ್ರಿ ಅಮ್ಮ ಉಪ್ಪು ಹುರಿದು, ಬಟ್ಟೆಯಲ್ಲಿ ಗಂಟು ಕಟ್ಟಿ ಶಾಖ ಕೊಡುತ್ತಿದ್ದಳು. ಎಡಿಸನ್ನಿನ ಆ ಖಾಲಿ ಅಪಾರ್ಟ್‌ಮೆಂಟಿನಲ್ಲಿ ಮೊದಲ ರಾತ್ರಿ ಶಾಖಕ್ಕೆ ಒಂದು ಹಿಡಿ ಉಪ್ಪೂ ಇರಲಿಲ್ಲ. ಗೋಡೆಗೆ ಬೆನ್ನು ಕೊಟ್ಟು ಬೆಳಗು ಮಾಡಿದೆ.

ಮೊದಲು ನಿನ್ನ ಸೂಟ್‌ಕೇಸಿನ ವಿಚಾರ. ಮೂರು ತಿಂಗಳಿಗಿಂತ ಹೆಚ್ಚಿನದು ಬೇಡ. ಸ್ಟ್ರಿಪ್ ಕತ್ತರಿಸದೆ, ಡಬ್ಬಿಗೆ ಸುರಿಯದೆ, ಮೆಡಿಕಲ್ ಶಾಪಿನವರು ಕೊಟ್ಟ ಹಾಗೇ ತಾ. ಹಾಸನದ ಡಾಕ್ಟರ ಹತ್ತಿರ ಲೆಟರ್‌ಹೆಡ್ ಮೇಲೆ ಇಂಗ್ಲಿಷಿನಲ್ಲಿ ಬರೆಸಿಕೋ. ಯಾವ ಕಾಯಿಲೆ, ಯಾವ ಔಷಧ, ದಿನಕ್ಕೆ ಎಷ್ಟು ಮಿಲಿಗ್ರಾಂ ಎಲ್ಲ ಅದರಲ್ಲಿರಲಿ. ಬ್ರ್ಯಾಂಡ್ ಹೆಸರು ಇಲ್ಲಿ ಯಾರಿಗೂ ತಿಳಿಯುವುದಿಲ್ಲ, ಔಷಧದ ಮೂಲ ಹೆಸರೇ ಬೇಕು. ಎಂಆರ್‌ಐ, ಆಪರೇಷನ್ ಕಾಗದ ಕೈಚೀಲದಲ್ಲೇ ಇರಲಿ. ಅಧಿಕಾರಿ ಕೇಳಲಿ ಬಿಡಲಿ, ಮಾತ್ರೆ ಇದೆ ಅಂತ ನೀನಾಗಿಯೇ ಹೇಳು. ಟ್ರಮಡಾಲ್ ಇಲ್ಲಿ 2014ರಿಂದ ನಿಯಂತ್ರಿತ ಔಷಧ, ಪ್ರಿಗಾಬಲಿನ್ ಕೂಡ ನಿಯಂತ್ರಣದಲ್ಲಿದೆ. ದುಬೈ ಮೇಲೆ ಬರುವುದಾದರೆ ಇನ್ನೊಂದು ಎಚ್ಚರಿಕೆ: ಆ ದೇಶದೊಳಕ್ಕೆ ಟ್ರಮಡಾಲ್ ಒಯ್ಯಲು ಮುಂಚಿತವಾಗಿ ಅನುಮತಿ ಬೇಕು. ನಡುವೆ ಎರಡು ದಿನ ನೆಂಟರ ಮನೆಯಲ್ಲಿ ಇದ್ದು ಬರುತ್ತೇನೆ ಅಂತ ಇಳಿದುಬಿಡಬೇಡ. ಅಮ್ಮನ ಕೊರಿಯರ್ ಬೇಡವೇ ಬೇಡ.

ನೋವು ಹೇಳುವುದನ್ನೂ ಇಲ್ಲಿ ಕಲಿಯಬೇಕು. ನರ್ಸ್ ಬಂದು ಸೊನ್ನೆಯಿಂದ ಹತ್ತರೊಳಗೆ ನಿನ್ನ ನೋವು ಎಷ್ಟು ಅಂತ ಕೇಳುತ್ತಾಳೆ. ನಾನು ಮೂರು ಎಂದೆ. ಸಹಿಸಿಕೊಳ್ಳುವುದು ಹೆಣ್ಣಿಗೆ ಮರ್ಯಾದೆ ಅಂತ ಬೆಳೆದವರಲ್ಲವೇ ನಾವು, ನಿನಗೆ ಬಿಡಿಸಿ ಹೇಳಬೇಕಾಗಿಲ್ಲ. ಅವಳು ಅದನ್ನೇ ಬರೆದುಕೊಂಡಳು. ಮೂರಕ್ಕೆ ತಕ್ಕ ಔಷಧ ಬಂತು. ಈಗ ನಾನು ಸಂಖ್ಯೆಯ ಜೊತೆಗೆ ಕೆಲಸವನ್ನೂ ಹೇಳುತ್ತೇನೆ. ನಾಲ್ಕು ದೋಸೆ ಹುಯ್ಯುವಷ್ಟರಲ್ಲಿ ಕೂರಬೇಕಾಗುತ್ತದೆ, ರಾತ್ರಿ ಮೂರು ಸಲ ಎಚ್ಚರವಾಗುತ್ತದೆ, ಮೆಟ್ಟಿಲು ಇಳಿಯುವಾಗ ಕಾಲು ಸತ್ತ ಹಾಗಾಗುತ್ತದೆ. ಅದು ಅವರಿಗೆ ಅರ್ಥವಾಗುತ್ತದೆ.

ಚಟದವಳು ಅಂದುಕೊಂಡರೆ ಎಂಬ ನಿನ್ನ ಭಯ ಸುಳ್ಳಲ್ಲ. ಈ ದೇಶ ಸುಟ್ಟುಕೊಂಡಿದೆ. 1990ರ ದಶಕದ ಕೊನೆಯಲ್ಲಿ ಆಕ್ಸಿಕೋಡೋನ್‌ನಂಥ ಓಪಿಯಾಯ್ಡ್, ಅಂದರೆ ಅಫೀಮಿನ ಜಾತಿಯ ನೋವಿನ ಮಾತ್ರೆಗಳನ್ನು (ನಿನ್ನ ಟ್ರಮಡಾಲ್ ಕೂಡ ಅದೇ ಜಾತಿ) ಹಿಂದೆಮುಂದೆ ನೋಡದೆ ಕೊಟ್ಟರು, ಊರೂರೇ ಅದಕ್ಕೆ ಸಿಕ್ಕಿಕೊಂಡಿತು, ಲಕ್ಷಾಂತರ ಜನ ಹೋದರು. ಆಮೇಲೆ ಬಿಗಿ ಮಾಡಿದರು. ನನಗೆ ಕೊಟ್ಟಿದ್ದ, ಅದೇ ಜಾತಿಯ ಹೈಡ್ರೋಕೋಡೋನ್ ಮಾತ್ರೆಗೆ ಮೊದಲು ಫೋನಿನಲ್ಲೇ ರೀಫಿಲ್ ಆಗುತ್ತಿತ್ತು. 2014ರ ಅಕ್ಟೋಬರ್‌ನಲ್ಲಿ ಅದನ್ನು ನಿಯಂತ್ರಿತ ಔಷಧಗಳ ಕಟ್ಟುನಿಟ್ಟಿನ ಎರಡನೇ ಪಟ್ಟಿಗೆ ಹಾಕಿದ ಮೇಲೆ ರೀಫಿಲ್ ಹೋಯಿತು, ಪ್ರತಿಸಲವೂ ಹೊಸ ಚೀಟಿ. 2016ರ ಮಾರ್ಚ್‌ನಲ್ಲಿ ಇಲ್ಲಿನ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿಯಿಂದ ಓಪಿಯಾಯ್ಡ್ ಕೊಡುವ ಬಗ್ಗೆ ಮಾರ್ಗಸೂಚಿ ಬಂತು. ಅದನ್ನು ಸಲಹೆ ಅಂತ ಓದದೆ ಕಾನೂನು ಅಂತ ಓದಿದ ಡಾಕ್ಟರುಗಳು ಬಹಳ ಮಂದಿ. 2022ರಲ್ಲಿ ಅದನ್ನು ತಿದ್ದಿ, ರೋಗಿಯನ್ನು ನೋಡಿ ತೀರ್ಮಾನಿಸಿ, ಏಕಾಏಕಿ ನಿಲ್ಲಿಸಬೇಡಿ ಎಂದು ಬರೆದರು. ನನ್ನ ಪಾಲಿಗೆ ಅದು ಆರು ವರ್ಷ ತಡ.

ನಿನಗೆ ನಿಜವಾಗಿ ಹೇಳಬೇಕಾದ್ದು ಆ 2016ರ ಕಥೆ. ಕಾಲಿನ ನರದ ನೋವಿಗೆ ಡುಲಾಕ್ಸೆಟಿನ್ ಕೊಡುತ್ತಿದ್ದರು. ಹೈಡ್ರೋಕೋಡೋನ್ ಅರ್ಧಕ್ಕೆ ಇಳಿಸಿದರು. ಹೆದರಿಬಿಟ್ಟೆ. ಅದೇ ಆಗಸ್ಟ್‌ನಲ್ಲಿ ಮೈದುನ ಎಂಎಸ್ ಓದಲು ಬರುವವನಿದ್ದ. ಊರಿಗೆ ಫೋನ್ ಮಾಡಿ, ಹಳೇ ಚೀಟಿ ತೋರಿಸಿ ಟ್ರಮಡಾಲ್ ತರಿಸಿ ಅವನ ಪೆಟ್ಟಿಗೆಗೆ ಹಾಕಿಸಿದೆ. ಅಕ್ಕಿ ಹಪ್ಪಳದ ಪೊಟ್ಟಣದ ಕೆಳಗೆ ಇಪ್ಪತ್ತು ಸ್ಟ್ರಿಪ್. "ಅತ್ತಿಗೆಯ ಕಾಲುನೋವಿನ ಮಾತ್ರೆ" ಅಂತ ಮಾತ್ರ ಅವನಿಗೆ ಗೊತ್ತಿತ್ತು. ಆಗ ನಮ್ಮ ಕಡೆ ಅದು ಸುಲಭವಾಗಿ ಸಿಗುತ್ತಿತ್ತು. 2018ರ ಏಪ್ರಿಲ್‌ನಿಂದ ಅಲ್ಲೂ ಎನ್‌ಡಿಪಿಎಸ್ ಎಂಬ ಮಾದಕವಸ್ತು ಕಾಯ್ದೆಯೊಳಕ್ಕೆ ಬಂದಿದೆ.

ಡಾಕ್ಟರಿಗೆ ಹೇಳದೆ ನುಂಗತೊಡಗಿದೆ. ಮಾತ್ರೆ ನಾಟಲಿಲ್ಲ. ಒಂದರ ಜಾಗದಲ್ಲಿ ಎರಡು ತೆಗೆದುಕೊಂಡೆ. ಗೌರಿ ಹಬ್ಬದ ಹಿಂದಿನ ರಾತ್ರಿ ಗೆಜ್ಜೆವಸ್ತ್ರ ಮಾಡಲು ಕೂತಿದ್ದೇನೆ, ಹತ್ತಿಯ ಎಳೆ ಕಡಿಯುತ್ತಲೇ ಇದೆ. ಕೈ ನೋಡಿಕೊಂಡರೆ ಬೆರಳುಗಳು ನಡುಗುತ್ತಿವೆ. ಕುಂಕುಮದ ನೀರು ಚೆಲ್ಲಿ ಸೀರೆಯೆಲ್ಲ ಕೆಂಪಾಯಿತು. ಮೈ ಬೆವರಿ, ಎದೆ ಹೊಡೆದುಕೊಳ್ಳುತ್ತಿತ್ತು. ಉಪವಾಸದ ಸುಸ್ತು ಎಂದುಕೊಂಡು ಮಲಗಿದೆ.

ಸಂಗತಿ ಆಮೇಲೆ ತಿಳಿಯಿತು. ಟ್ರಮಡಾಲ್ ಚೆನ್ನಾಗಿ ಕೆಲಸ ಮಾಡಬೇಕಾದರೆ ಲಿವರ್‌ನಲ್ಲಿರುವ ಸಿವೈಪಿ2ಡಿ6 ಎಂಬ ಕಿಣ್ವ ಅದನ್ನು ಇನ್ನೊಂದು ರೂಪಕ್ಕೆ ಬದಲಿಸಬೇಕು. ಡುಲಾಕ್ಸೆಟಿನ್ ಆ ಕಿಣ್ವಕ್ಕೇ ತಡೆ ಹಾಕುತ್ತದೆ. ಹಾಗಾಗಿ ನೋವಿಗೆ ಉಪಯೋಗ ಕಡಿಮೆ. ಆದರೆ ಎರಡೂ ಸೇರಿ ಮೈಯಲ್ಲಿ ಸೆರೊಟೊನಿನ್ ಎಂಬ ನರಗಳ ರಾಸಾಯನಿಕವನ್ನು ಏರಿಸುತ್ತವೆ. ನಡುಕ, ಬೆವರು, ಎದೆಬಡಿತ, ಮಿತಿ ಮೀರಿದರೆ ಫಿಟ್ಸ್, ಪ್ರಾಣಾಪಾಯ. ನೋವು ಇಳಿಯಲಿಲ್ಲವೆಂದು ನಾನು ಹೆಚ್ಚಿಸಿಕೊಂಡಿದ್ದು ಅದನ್ನೇ.

ಮುಂದಿನ ಸಲ ಹೋದಾಗ ಡಾಕ್ಟರು ಬೇರೆ ಏನಾದರೂ ತೆಗೆದುಕೊಳ್ಳುತ್ತಿದ್ದೀಯಾ ಅಂತ ಕೇಳಿದರು. ಇಲ್ಲ ಎಂದೆ. ಇಂಥ ಮಾತ್ರೆ ಕೊಡುವವರು ಆಗಾಗ ಮೂತ್ರ ಪರೀಕ್ಷೆ ಮಾಡಿಸುತ್ತಾರೆ, ಅವತ್ತೂ ಮಾಡಿಸಿದರು. ಮತ್ತೆ ಕರೆಸಿದಾಗ ಕಂಪ್ಯೂಟರ್ ಪರದೆಯನ್ನು ನನ್ನ ಕಡೆ ತಿರುಗಿಸಿದರು. ಟ್ರಮಡಾಲ್ ಅಂತ ಒಂದು ಸಾಲು. ಗದರಲಿಲ್ಲ. ಮೆಲ್ಲಗೆ ಇಳಿಸಿ ನಿಲ್ಲಿಸುವ ಚೀಟಿ ಬರೆದು, ಇನ್ನು ನನ್ನಿಂದ ಆಗುವುದಿಲ್ಲ ಎಂದರು. ಬೇರೆ ಮೂರು ಕಡೆ ಕೇಳಿದೆ, ಮೂರು ಕಡೆಯೂ ಆಗುವುದಿಲ್ಲ ಎಂದರು. ಆ ಚಳಿಗಾಲವನ್ನು ಕಾರ್ಪೆಟ್ ಮೇಲೆ ಮಲಗಿ ಕಳೆದೆ.

ಈಗಿನ ಡಾಕ್ಟರಮ್ಮನಿಗೆ ಮೊದಲ ದಿನವೇ ಎಲ್ಲ ಹೇಳಿದೆ, ಹಪ್ಪಳದ ಪೊಟ್ಟಣ ಸಮೇತ. ಅವರು ಕೈಬಿಡಲಿಲ್ಲ. ನೀನೂ ಒಬ್ಬರೇ ಡಾಕ್ಟರು, ಒಂದೇ ಫಾರ್ಮಸಿ ಇಟ್ಟುಕೋ. ಯಾರು ಯಾವಾಗ ಯಾವ ನಿಯಂತ್ರಿತ ಮಾತ್ರೆ ಕೊಟ್ಟರು ಅನ್ನುವ ಲೆಕ್ಕ ರಾಜ್ಯದ ಕಂಪ್ಯೂಟರಿನಲ್ಲಿರುತ್ತದೆ, ಡಾಕ್ಟರು ನೋಡುತ್ತಾರೆ. ಹೇಳಿದ ಹಾಗೇ ಮಾತ್ರೆ ತೆಗೆದುಕೊಳ್ಳುತ್ತೇನೆ ಅನ್ನುವ ಒಪ್ಪಂದದ ಕಾಗದಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ. ಅವಮಾನ ಅಂದುಕೊಳ್ಳಬೇಡ, ಎಲ್ಲರಿಗೂ ಅದೇ. ಊರಿನ ಕಷಾಯ, ಅಶ್ವಗಂಧ ಏನಿದ್ದರೂ ಹೇಳು. ಇಲ್ಲಿ ಅಸೆಟಮಿನೋಫೆನ್ ಅನ್ನುವುದು ನಮ್ಮ ಪ್ಯಾರಸಿಟಮಾಲ್. ನೋವಿನ ಮಾತ್ರೆಯಲ್ಲೂ ನೆಗಡಿ ಸಿರಪ್ಪಿನಲ್ಲೂ ಅದು ಇರುತ್ತದೆ, ಮೇಲೆ ಇನ್ನೊಂದು ಡೋಲೋ ನುಂಗಿದರೆ ಲಿವರ್‌ಗೆ ಏಟು. ಓಪಿಯಾಯ್ಡ್ ಜೊತೆ ಪ್ರಿಗಾಬಲಿನ್ ಇದ್ದರೆ ಉಸಿರು ನಿಧಾನವಾಗುವ ಅಪಾಯ ಹೆಚ್ಚು, ನಿದ್ದೆ ಮಾತ್ರೆ ಸೇರಿದರೆ ಇನ್ನೂ ಹೆಚ್ಚು. ಓಪಿಯಾಯ್ಡ್ ಹೆಚ್ಚಾಗಿ ಉಸಿರು ನಿಲ್ಲುವ ಹಾಗಾದರೆ ಅದನ್ನು ತಡೆಯಲು ನಲೋಕ್ಸೋನ್ ಅಂತ ಮೂಗಿಗೆ ಹೊಡೆಯುವ ಸ್ಪ್ರೇ ಇದೆ, ಅದು 2023ರಿಂದ ಚೀಟಿ ಇಲ್ಲದೆ ಸಿಗುತ್ತದೆ. ಕೊಂಡು ಫ್ರಿಜ್ ಮೇಲಿಡು, ಯಜಮಾನರಿಗೆ ಹೊಡೆಯಲು ಕಲಿಸು. ಓಪಿಯಾಯ್ಡ್‌ನಿಂದ ಆಗುವ ಮಲಬದ್ಧತೆಗೆ ಬಾಳೆಹಣ್ಣು, ಇಸಬಗೋಲು ಸಾಲದು, ಡಾಕ್ಟರನ್ನೇ ಕೇಳು. ಯಾವುದನ್ನೂ ನೀನಾಗಿ ಥಟ್ಟನೆ ನಿಲ್ಲಿಸಬೇಡ. ಇನ್ಶೂರೆನ್ಸ್ ಪ್ರತಿ ಕಂಪನಿಯದೂ ಬೇರೆ, ಯಜಮಾನರ ಆಫೀಸಿನಲ್ಲೇ ವಿಚಾರಿಸು.

ಫಿಸಿಯೋಥೆರಪಿ ಬಿಡಬೇಡ. ವೈಎಂಸಿಎ ಈಜುಕೊಳದ ಬಿಸಿನೀರಿನಲ್ಲಿ ನಡೆಯುವುದು ನನಗೆ ಅರ್ಧ ಔಷಧ. ಈ ಯುಗಾದಿಗೆ ಮೂವತ್ತು ಹೋಳಿಗೆ ನಾನೇ ನಿಂತು ಬೇಯಿಸಿದೆ, ನಡುವೆ ಎರಡು ಸಲ ಕೂತು. ನೋವು ಈಗಲೂ ಇದೆ.

ಮೈದುನನದು ಆಗ ವಿದ್ಯಾರ್ಥಿ ವೀಸಾ. ಅವನ ಹೆಸರಿನಲ್ಲಿಲ್ಲದ ಇಪ್ಪತ್ತು ಸ್ಟ್ರಿಪ್ ನ್ಯೂವಾರ್ಕ್‌ನಲ್ಲಿ ಯಾರ ಕಣ್ಣಿಗಾದರೂ ಬಿದ್ದಿದ್ದರೆ ಅವನನ್ನು ಅಲ್ಲಿಂದಲೇ ಹಿಂದೆ ಕಳಿಸುತ್ತಿದ್ದರೇನೋ. ಮಾವನವರು ತೋಟ ಅಡವಿಟ್ಟು ಅವನ ಫೀಸು ಕಟ್ಟಿದ್ದರು. ಅವನಿಗೆ ಇವತ್ತಿಗೂ ಇದನ್ನು ಹೇಳಿಲ್ಲ. ಪ್ರತಿ ಸಲ ಊರಿಂದ ಹೊರಡುವ ಮುಂಚೆ ಫೋನ್ ಮಾಡುತ್ತಾನೆ. "ಅತ್ತಿಗೆ, ನಿಮ್ಮ ಕಾಲಿಗೆ ಏನಾದ್ರೂ ತರ್ಬೇಕಾ?" ಅಂತಾನೆ. ಏನೂ ಬೇಡ, ಅಪ್ಪೆಮಿಡಿ ಉಪ್ಪಿನಕಾಯಿ ಸಾಕು ಅನ್ನುತ್ತೇನೆ.