ಅಪ್ಪ ತಂದ ಟೋಲಾರ್, ತಮ್ಮ ತಂದ ಯೂರೋ

ಪ್ರಶ್ನೆ: ನಮ್ಮ ತಂದೆ 2005ರಲ್ಲಿ ಕೆಲಸದ ಮೇಲೆ ಸ್ಲೊವೇನಿಯಾಗೆ ಹೋಗಿದ್ದರು. ಆಗ ಅಲ್ಲಿ ಟೋಲಾರ್ ಎಂಬ ಹಣ ನಡೆಯುತ್ತಿತ್ತು. ಅವರು ತಂದ 1,000 ಟೋಲಾರ್‌ನ ಎರಡು ನೋಟು, ಒಂದು ಹಿಡಿ ಚಿಲ್ಲರೆ ಮನೆಯಲ್ಲಿವೆ. ಮೊನ್ನೆ ತಮ್ಮನೂ ಅಲ್ಲಿಗೆ ಹೋಗಿ ಜೇನು ದಿನದ 2 ಯೂರೋ ನಾಣ್ಯ, ಒಂದು 3 ಯೂರೋ ನಾಣ್ಯ ತಂದಿದ್ದಾನೆ. ಇವು ಈಗಲೂ ನಡೆಯುತ್ತವಾ? ಮಾರಿದರೆ ಒಳ್ಳೆ ಬೆಲೆ ಬರುತ್ತದಾ?
ಒಬ್ಬ ಓದುಗರು, ಶಿವಮೊಗ್ಗ

ಉತ್ತರ: ಮೊದಲು ನೋಟಿನ ವಿಷಯ. ಟೋಲಾರ್ ನೋಟುಗಳನ್ನು ಸ್ಲೊವೇನಿಯಾದ ಕೇಂದ್ರ ಬ್ಯಾಂಕ್ ಈಗಲೂ ಬದಲಾಯಿಸಿ ಕೊಡುತ್ತದೆ, ಅದಕ್ಕೆ ಕೊನೆ ದಿನ ಇಲ್ಲ. 1 ಯೂರೋಗೆ 239.64 ಟೋಲಾರ್ ಲೆಕ್ಕ. ನಿಮ್ಮ ಎರಡು ನೋಟಿಗೆ 8 ಯೂರೋಗಿಂತ ಸ್ವಲ್ಪ ಹೆಚ್ಚು ಸಿಗುತ್ತದೆ. ಟೋಲಾರ್ ನಾಣ್ಯಗಳ ಗಡುವು ಮಾತ್ರ 2016ರ ಕೊನೆಗೇ ಮುಗಿದಿದೆ.

ಆದರೂ ನೋಟು ಬದಲಾಯಿಸಬೇಡಿ ಎನ್ನುತ್ತೇನೆ. ಕಾರಣ ಇದೆ. ಸ್ಲೊವೇನಿಯಾ 1991ರ ಜೂನ್‌ನಲ್ಲಿ ಯುಗೊಸ್ಲಾವಿಯಾದಿಂದ ಬೇರೆಯಾಯಿತು, ಅಕ್ಟೋಬರ್ 8ಕ್ಕೆ ಸ್ವಂತ ಹಣ ತಂದಿತು. ಆ ಮೊದಲ ನೋಟುಗಳ ಮೇಲೆ ಹಣದ ಹೆಸರೇ ಇರಲಿಲ್ಲ. ಬರೀ ಅಂಕಿ, ತ್ರಿಗ್ಲಾವ್ ಬೆಟ್ಟದ ಚಿತ್ರ. ಅಷ್ಟು ಅವಸರದಲ್ಲಿ ಹುಟ್ಟಿದ ಹಣ ಅದು. 2007ರ ಜನವರಿ 1ಕ್ಕೆ ಯೂರೋ ಬಂತು, ಎರಡೇ ವಾರದಲ್ಲಿ ಟೋಲಾರ್ ಅಂಗಡಿಗಳಿಂದ ಮರೆಯಾಯಿತು. ಪೂರ್ತಿ ಹದಿನಾರು ವರ್ಷವೂ ಬದುಕಲಿಲ್ಲ.

ಆದರೆ ಟೋಲಾರ್ ಮೇಲಿದ್ದವರು ಎಲ್ಲೂ ಹೋಗಲಿಲ್ಲ! ನಿಮ್ಮ 1,000ದ ನೋಟಿನಲ್ಲಿರುವವರು ಕವಿ ಪ್ರೆಶೆರೆನ್. ಅಲ್ಲಿನ ರಾಷ್ಟ್ರಗೀತೆ ಅವರ ಸಾಲುಗಳೇ. ಈಗ ಅವರು ಅಲ್ಲಿನ ಮಾಮೂಲಿ 2 ಯೂರೋ ನಾಣ್ಯದ ಮೇಲಿದ್ದಾರೆ. ಚಿಲ್ಲರೆಯಲ್ಲಿ 20 ಟೋಲಾರ್ ಇದೆಯಾ ನೋಡಿ. ಅದರಲ್ಲಿ ಒಂದು ಕೊಕ್ಕರೆ ಇರುತ್ತದೆ. ಅದು ಈಗ 1 ಸೆಂಟ್ ನಾಣ್ಯಕ್ಕೆ ಹಾರಿದೆ. 50 ಸ್ಟೋಟಿನ್ (ಸ್ಟೋಟಿನ್ ಅಂದರೆ ಟೋಲಾರ್ ಲೆಕ್ಕದ ಪೈಸೆ) ಎಂಬ ಹಗುರ ಅಲ್ಯೂಮಿನಿಯಂ ನಾಣ್ಯದಲ್ಲಿ ಜೇನುನೊಣ ಇತ್ತು. ಸ್ಲೊವೇನಿಯಾ ಕೇಳಿಕೊಂಡಿದ್ದಕ್ಕೇ ವಿಶ್ವಸಂಸ್ಥೆ ಮೇ 20ನ್ನು ವಿಶ್ವ ಜೇನು ದಿನ ಎಂದು ಒಪ್ಪಿತು. ಆ ಖುಷಿಗೆ 2018ರಲ್ಲಿ ಬಂದದ್ದೇ ನಿಮ್ಮ ತಮ್ಮ ತಂದ ನಾಣ್ಯ. ಅಪ್ಪ ತಂದ ಚಿಲ್ಲರೆಯಲ್ಲಿ ಆ ಜೇನುನೊಣ ಸಿಕ್ಕಿದರೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ, ಎಷ್ಟು ಚೆಂದ ಅಲ್ವಾ!

5 ಟೋಲಾರ್ ನಾಣ್ಯಗಳನ್ನು ತಿರುಗಿಸಿ ನೋಡಿ. ಸಾಮಾನ್ಯವಾಗಿ ಕಾಡುಮೇಕೆಯ ತಲೆ ಇರುತ್ತದೆ. ಅದರ ಬದಲು ಪುಟ್ಟ ಗೋಪುರ ಕಂಡರೆ ಅದು 1995ರ ಸ್ಮರಣಾರ್ಥ ನಾಣ್ಯ. ತ್ರಿಗ್ಲಾವ್ ತುದಿಯ ಆಲ್ಯಾಜ್ ಗೋಪುರಕ್ಕೆ ಆಗ ನೂರು ವರ್ಷ ತುಂಬಿತ್ತು.

ಇನ್ನು ಯೂರೋ. ಸ್ಮರಣಾರ್ಥ 2 ಯೂರೋ ನಾಣ್ಯವನ್ನು ಯಾವ ದೇಶ ಟಂಕಿಸಿದ್ದರೂ ಅದು ಯೂರೋ ಬಳಸುವ ಎಲ್ಲ ದೇಶಗಳಲ್ಲೂ ನಡೆಯುತ್ತದೆ. 3 ಯೂರೋ ಹಾಗಲ್ಲ. ಅದು ಸಂಗ್ರಹಕಾರರಿಗಾಗಿ ಮಾಡಿದ್ದು, ಕಾನೂನಿನ ಬೆಲೆ ಸ್ಲೊವೇನಿಯಾದೊಳಗೆ ಮಾತ್ರ. ಪಕ್ಕದ ಇಟಲಿಯಲ್ಲಿ ಕೊಟ್ಟರೆ ತಗೊಳ್ಳಬೇಕು ಅಂತೇನಿಲ್ಲ. ತಮ್ಮನಿಗೆ ಇದನ್ನು ಹೇಳಿ.

ಮಾರಿದರೆ? ಚಿಲ್ಲರೆಯಾಗಿ ಕೈಕೈ ಬದಲಾದ ಟೋಲಾರ್‌ಗೆ ದೊಡ್ಡ ಬೆಲೆ ಇಲ್ಲ. ಹಳೆ ನಾಣ್ಯಕ್ಕೆ ಲಕ್ಷ ಕೊಡುತ್ತೇವೆ, ಮೊದಲು ಶುಲ್ಕ ಕಟ್ಟಿ ಎನ್ನುವ ಜಾಹೀರಾತು ನಂಬಬೇಡಿ. ನಮ್ಮ ರಿಸರ್ವ್ ಬ್ಯಾಂಕ್ 2021ರಲ್ಲೇ ಇಂಥ ಮೋಸದ ಬಗ್ಗೆ ಎಚ್ಚರಿಸಿದೆ.

ಒಂದು ಮಾತು ಮರೆಯಬೇಡಿ: ಹಿತ್ತಾಳೆ ಬಣ್ಣದ್ದು ಮಂಕಾಗಿದೆ ಅಂತ ಹುಣಸೆಹಣ್ಣು ಹಾಕಿ ಉಜ್ಜಬೇಡಿ. ಸಂಗ್ರಹಕಾರರು ಉಜ್ಜಿದ ನಾಣ್ಯ ಮುಟ್ಟುವುದಿಲ್ಲ. ಒಂದೊಂದನ್ನೂ ಬೇರೆ ಬೇರೆ ಕಾಗದದ ಕವರಿಗೆ ಹಾಕಿ. ಮೇಲೆ ವರ್ಷ ಬರೆಯಿರಿ, ಯಾರು ತಂದರು ಅಂತಲೂ ಬರೆಯಿರಿ.