ಗೈಡ್‌ಲೈನ್ಸ್ ಬಂದ್ಮೇಲೆ ಐವಿಎಫ್‌ನಲ್ಲಿ (ಲ್ಯಾಬ್‌ನಲ್ಲಿ ಭ್ರೂಣ ಮಾಡಿ ಗರ್ಭಕೋಶಕ್ಕೆ ಹಾಕೋ ಚಿಕಿತ್ಸೆ) ಅವಳಿ, ತ್ರಿವಳಿ ನಿಜವಾಗ್ಲೂ ಕಮ್ಮಿ ಆಯ್ತಾ?

ಆಯ್ತು. ಅಮೆರಿಕಾದಲ್ಲಿ ಎಷ್ಟು ಭ್ರೂಣ ಗರ್ಭಕೋಶಕ್ಕೆ ಹಾಕ್ಬೇಕು ಅನ್ನೋದಕ್ಕೆ ಕಾನೂನೇ ಇಲ್ಲ, ಆದ್ರೂ ಎಎಸ್‌ಆರ್‌ಎಂ ಅನ್ನೋ ವೃತ್ತಿಪರ ಸಂಘ 1998ರಲ್ಲಿ ಮಿತಿ ಹೇಳಿ ಆಮೇಲೆ ಮತ್ತೆ ಮತ್ತೆ ಅದನ್ನ ಬಿಗಿ ಮಾಡ್ತಾ ಹೋಯ್ತು, ತ್ರಿವಳಿ ಗರ್ಭ ತುಂಬಾನೇ ಇಳೀತು. ಅವಳಿ ಮಾತ್ರ ಬೇಗ ಇಳೀಲಿಲ್ಲ, ಯಾಕಂದ್ರೆ ಎರಡು ಹಾಕೋದು ಸುಮಾರು ವರ್ಷ ಮಾಮೂಲಾಗಿತ್ತು, ಮತ್ತೆ ಕೈಯಿಂದ ದುಡ್ಡು ಕಟ್ಟೋ ದಂಪತಿಗೆ ಒಂದೇ ಸಲಕ್ಕೆ ಆಗ್ಬಿಡ್ಲಿ ಅನ್ಸೋದು ಸಹಜ, ಅವರನ್ನ ದೂರೋಕಾಗಲ್ಲ. ಸ್ವೀಡನ್ 2003ರಲ್ಲಿ ಸಾಮಾನ್ಯವಾಗಿ ಒಂದೇ ಭ್ರೂಣ ಅಂತ ನಿಯಮ ತಂತು, ಅವಳಿ ಸುಮಾರು 5%ಗೆ ಇಳೀತು, ಆದ್ರೂ ಐವಿಎಫ್‌ನಿಂದ ಹೆರಿಗೆ ಆಗೋ ಪ್ರಮಾಣ ಬೀಳ್ಲಿಲ್ಲ, ನನಗೆ ಇದೇ ದೊಡ್ಡ ವಿಷ್ಯ. ಒಂದು ನೆನಪಿರ್ಲಿ, ಬರೀ ಅಂಡಾಣು ಬೆಳೆಸೋ ಇಂಜೆಕ್ಷನ್ ಕೊಟ್ಟು ಐಯುಐ (ವೀರ್ಯಾಣುನ ನೇರವಾಗಿ ಗರ್ಭಕೋಶಕ್ಕೆ ಬಿಡೋದು) ಮಾಡಿದ್ರೆ ಎಷ್ಟು ಅಂಡಾಣು ಫಲಿಸುತ್ತೆ ಅನ್ನೋದು ಡಾಕ್ಟರ್ ಕೈಲಿರಲ್ಲ, ಅಲ್ಲಿ ಭ್ರೂಣದ ಲೆಕ್ಕದ ಗೈಡ್‌ಲೈನ್ ಕೆಲಸಕ್ಕೆ ಬರಲ್ಲ.